ಬೀದಿಗೆ ಕರೆದ ದನಿ

ಅಮೆರಿಕದ ಗಾಯಕಿ ಮಾರ್ಥಾ ರೀವ್ಸ್ ಅವರನ್ನು ಮಾತನಾಡಿಸಲು ಹೋದವರು ಐವತ್ತು ವರ್ಷಕ್ಕೂ ಮಿಕ್ಕಿ ಒಂದೇ ಪ್ರಶ್ನೆ ಕೇಳುತ್ತ ಬಂದಿದ್ದಾರೆ. ‘ಡಾನ್ಸಿಂಗ್ ಇನ್ ದ ಸ್ಟ್ರೀಟ್’ ಹಾಡುವಾಗ ನಿಮ್ಮ ಮನಸ್ಸಿನಲ್ಲಿದ್ದದ್ದು ಕುಣಿತವೋ, ದಂಗೆಯೋ? ಇಂಗ್ಲೆಂಡಿಗೆ ಹೋಗಿದ್ದಾಗ ಪತ್ರಕರ್ತರೊಬ್ಬರು, ನೀವು ಹೋರಾಟಗಾರರ ನಾಯಕಿಯೇ ಎಂದು ನೇರವಾಗಿ ಕೇಳಿಬಿಟ್ಟಿದ್ದನ್ನು ಅವರೇ ಹಲವು ಸಲ ಹೇಳಿಕೊಂಡಿದ್ದಾರೆ. ಅವರ ಉತ್ತರ ಮಾತ್ರ ಯಾವತ್ತೂ ಬದಲಾಗಿಲ್ಲ. ಜನ ಸೇರಿ ಸಂತೋಷಪಡಲಿ ಎಂದು ಹಾಡಿದ ಹಾಡು ಅದು, ಅಷ್ಟೇ.

ಈ ‘ಅಷ್ಟೇ’ಯನ್ನು ಒಪ್ಪದ ವಿದ್ವಾಂಸರು ಬಹಳ. ಗಾಯಕಿಗೆ ತಾನು ಹಾಡಿದ್ದರ ತೂಕ ತಿಳಿದಿರಲಿಲ್ಲ ಎನ್ನುವವರಿದ್ದಾರೆ. ತಿಳಿದಿದ್ದೂ ತಮ್ಮ ರೆಕಾರ್ಡ್ ಕಂಪನಿಗೆ ಹೆದರಿ ಮರೆಸಿದರು ಎನ್ನುವವರೂ ಇದ್ದಾರೆ. ಹಾಡಿದವರ ಮಾತನ್ನು ಹೀಗೆ ಪಕ್ಕಕ್ಕೆ ಸರಿಸುವುದು ನನಗೆ ಸರಿ ಕಾಣುವುದಿಲ್ಲ. ಅದು ಕುಣಿತದ ಹಾಡು ಎಂದು ಮಾರ್ಥಾ ಹೇಳುವುದು ನಿಜ. ಬೀದಿಗಿಳಿದ ಜನ ಅದನ್ನು ತಮ್ಮ ಹೋರಾಟದ ಹಾಡಾಗಿ ಕೇಳಿಸಿಕೊಂಡದ್ದೂ ನಿಜ. ಎರಡೂ ಒಟ್ಟಿಗೆ ನಿಜವಾದದ್ದು ಹೇಗೆ ಎಂದು ತಿಳಿಯಬೇಕಾದರೆ ಆ ದನಿ ಎಲ್ಲಿಂದ ಬಂತು, ಹಾಡಿದ ದಿನ ಸ್ಟುಡಿಯೊದಲ್ಲಿ ಏನಾಯಿತು ಎಂದು ನೋಡಬೇಕು.

ಡೆಟ್ರಾಯಿಟ್ ಕಾರುಗಳ ಊರು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಿಂದಲೇ ಅಲಬಾಮ, ಜಾರ್ಜಿಯ, ಮಿಸಿಸಿಪ್ಪಿಗಳ ಹತ್ತಿಹೊಲ ತೊರೆದು, ಕಪ್ಪು ಜನರನ್ನು ಬೇರೆ ಕೂರಿಸುವ, ಬೇರೆ ಉಣಿಸುವ ಕಾನೂನುಗಳಿಂದ ತಪ್ಪಿಸಿಕೊಂಡು ಲಕ್ಷಾಂತರ ಕುಟುಂಬಗಳು ಉತ್ತರದ ಕಾರ್ಖಾನೆ ನಗರಗಳಿಗೆ ಗುಳೆ ಬಂದವು. ರೀವ್ಸ್ ಕುಟುಂಬವೂ ಹಾಗೆ ಬಂದದ್ದು. ಮಾರ್ಥಾ ಹುಟ್ಟಿದ್ದು 1941ರ ಜುಲೈ 18ರಂದು, ಅಲಬಾಮದ ಯೂಫಾಲದಲ್ಲಿ. ಅವರಿಗೆ ವರ್ಷ ತುಂಬುವ ಮೊದಲೇ ಮನೆಯವರು ಡೆಟ್ರಾಯಿಟ್ ಸೇರಿದ್ದರು. ಹನ್ನೊಂದು ಮಕ್ಕಳಲ್ಲಿ ಇವರು ಮೂರನೆಯವರು. ಅಜ್ಜ ಚರ್ಚಿನ ಬೋಧಕರು, ಅಪ್ಪ ಗಿಟಾರ್ ನುಡಿಸುತ್ತಿದ್ದರು, ಅಮ್ಮ ಹಾಡುತ್ತಿದ್ದರು. ಮೂರು ವರ್ಷದವರಿದ್ದಾಗ ಅಣ್ಣಂದಿರ ಜೊತೆ ಚರ್ಚಿನಲ್ಲಿ ಹಾಡಿ ಮಿಠಾಯಿ ಗೆದ್ದದ್ದು ಅವರ ಮೊದಲ ಸಂಭಾವನೆ. ನಾರ್ತ್‌ಈಸ್ಟರ್ನ್ ಹೈಸ್ಕೂಲಿನಲ್ಲಿ ಅಬ್ರಹಾಂ ಸಿಲ್ವರ್ ಎಂಬ ಸಂಗೀತದ ಮೇಷ್ಟ್ರು ಪಾಶ್ಚಾತ್ಯ ಶಾಸ್ತ್ರೀಯ ಗಾಯನದ ತಾಲೀಮು ಕೊಟ್ಟರು. ಮುಂದೆ ಸುಪ್ರೀಮ್ಸ್ ತಂಡದಲ್ಲಿ ಹೆಸರಾದ ಮೇರಿ ವಿಲ್ಸನ್, ಫ್ಲಾರೆನ್ಸ್ ಬ್ಯಾಲರ್ಡ್ ಕೂಡ ಇದೇ ಮೇಷ್ಟ್ರ ಶಿಷ್ಯೆಯರು.

ಚರ್ಚಿನ ಗಾಸ್ಪೆಲ್ ಹಾಡುಗಾರಿಕೆಯೂ ನೈಟ್‌ಕ್ಲಬ್ಬಿನ ರಿದಮ್ ಅಂಡ್ ಬ್ಲೂಸ್ ತಾಳವೂ ಕೂಡಿದಾಗ ಹುಟ್ಟಿದ್ದು ಸೋಲ್ ಸಂಗೀತ. ದೇವರನ್ನು ಕೂಗಿ ಕರೆಯುವ ದನಿಯಲ್ಲೇ ಪ್ರಿಯಕರನನ್ನೂ ಕರೆಯುವುದು, ಒಬ್ಬರು ಎತ್ತಿಕೊಟ್ಟ ಸಾಲಿಗೆ ಹಿಮ್ಮೇಳದವರು ಓಗೊಡುವುದು ಅದರ ಜೀವಾಳ. ಮಾರ್ಥಾ ಅವರಿಗೆ ಎರಡೂ ಕಡೆಯ ಪಾಠ ಸಿಕ್ಕಿತ್ತು. ಹಗಲು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕೆಲಸ, ಸಂಜೆ ಗೆಳತಿಯರ ಜೊತೆ ಡೆಲ್-ಫೀಸ್ ಎಂಬ ತಂಡದಲ್ಲಿ ಹಾಡು. 1961ರಲ್ಲಿ ಪ್ರತಿಭಾ ಸ್ಪರ್ಧೆಯೊಂದರಲ್ಲಿ ಗೆದ್ದದ್ದಕ್ಕೆ ಟ್ವೆಂಟಿ ಗ್ರ್ಯಾಂಡ್ ಎಂಬ ಕ್ಲಬ್ಬಿನಲ್ಲಿ ಮೂರು ಸಂಜೆ ಒಬ್ಬರೇ ಹಾಡುವ ಅವಕಾಶ ಸಿಕ್ಕಿತು. ಅಲ್ಲಿ ಕೇಳಲು ಬಂದಿದ್ದ ವಿಲಿಯಂ ‘ಮಿಕಿ’ ಸ್ಟೀವನ್‌ಸನ್ ತಮ್ಮ ವಿಳಾಸದ ಚೀಟಿ ಕೊಟ್ಟುಹೋದರು. ಅವರು ಮೋಟೌನ್ ರೆಕಾರ್ಡ್ ಕಂಪನಿಯಲ್ಲಿ ಕಲಾವಿದರನ್ನೂ ಹಾಡುಗಳನ್ನೂ ಆರಿಸುವ ವಿಭಾಗದ ಮುಖ್ಯಸ್ಥರು.

ಚೀಟಿ ಕೊಟ್ಟದ್ದು ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಲಿ ಎಂದು. ಮಾರ್ಥಾ ಮರುದಿನ ಬೆಳಿಗ್ಗೆಯೇ ಕೆಲಸ ಬಿಟ್ಟು ಬಸ್ ಹತ್ತಿ ನೇರ ಕಂಪನಿಯ ಬಾಗಿಲಿಗೆ ಹೋಗಿ ನಿಂತರು. ಗಾಬರಿಯಾದ ಸ್ಟೀವನ್‌ಸನ್ ಒಂದಿಷ್ಟು ಹೊತ್ತು ಫೋನ್ ನೋಡಿಕೊಳ್ಳಿ ಎಂದು ಹೇಳಿ ಹೊರಟರು, ಹಿಂದಿರುಗಿದ್ದು ಗಂಟೆಗಳ ಮೇಲೆ. ಅಷ್ಟರಲ್ಲಿ ಮಾರ್ಥಾ ಫೋನ್‌ಗಳಿಗೆ ಉತ್ತರಿಸಿ, ಬಂದವರನ್ನು ವಿಚಾರಿಸಿ, ಕಚೇರಿಯನ್ನು ಒಂದು ಹದಕ್ಕೆ ತಂದಿದ್ದರು. ವಾರಕ್ಕೆ 35 ಡಾಲರ್ ಸಂಬಳದ ಕಾರ್ಯದರ್ಶಿ ಕೆಲಸ ಹೀಗೆ ಸಿಕ್ಕಿತು. ಹಾಡಲು ಬಂದವರು ಟೈಪ್ ಮಾಡಿದರು, ವಾದ್ಯಗಾರರನ್ನು ಕರೆಸಿದರು, ಅವರ ಲೆಕ್ಕ ಬರೆದರು, ಹನ್ನೊಂದು ಹನ್ನೆರಡರ ಹುಡುಗನಾಗಿದ್ದ ಗಾಯಕ ಸ್ಟೀವಿ ವಂಡರ್ ಸ್ಟುಡಿಯೊಗೆ ಬಂದಾಗ ನೋಡಿಕೊಂಡರು.

ಮೋಟೌನ್ ಆಗಿನ್ನೂ ಎಳೆಯ ಕಂಪನಿ. ಲಿಂಕನ್-ಮರ್ಕ್ಯುರಿ ಕಾರುಗಳ ಜೋಡಣಾ ಸಾಲಿನಲ್ಲಿ ದುಡಿದಿದ್ದ ಬೆರ್ರಿ ಗೋರ್ಡಿ 1959ರಲ್ಲಿ ಮನೆಯವರ ಕೂಡುನಿಧಿಯಿಂದ 800 ಡಾಲರ್ ಸಾಲ ಎತ್ತಿ ಅದನ್ನು ಶುರುಮಾಡಿದ್ದರು. ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡಿನ 2648ನೇ ನಂಬರಿನ ಮನೆಯೇ ಕಚೇರಿ, ಅದೇ ಸ್ಟುಡಿಯೊ. ಕಾರಿನ ಬಿಡಿಭಾಗಗಳು ಒಂದು ಕೈಯಿಂದ ಇನ್ನೊಂದು ಕೈಗೆ ಸಾಗುತ್ತ ಪೂರ್ತಿ ಗಾಡಿಯಾಗುವುದನ್ನು ಕಂಡಿದ್ದ ಗೋರ್ಡಿ ಹಾಡನ್ನೂ ಹಾಗೇ ತಯಾರಿಸಿದರು. ಬರೆಯುವವರು ಒಂದು ಕೋಣೆಯಲ್ಲಿ, ನುಡಿಸುವವರು ಇನ್ನೊಂದರಲ್ಲಿ. ಹಾಡುವವರಿಗೆ ನಡೆನುಡಿ ಕಲಿಸಲು ಮ್ಯಾಕ್ಸಿನ್ ಪವೆಲ್, ಹೆಜ್ಜೆ ಕಲಿಸಲು ಚಾಲಿ ಆಟ್ಕಿನ್ಸ್. ತಯಾರಾದ ಹಾಡು ಹೊರಗೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸಲು ವಾರದ ಸಭೆ ಬೇರೆ. ಜನ ಹಾಡು ಕೇಳುವುದು ಹೆಚ್ಚಾಗಿ ಕಾರಿನ ರೇಡಿಯೊದಲ್ಲಿ ಎಂದು ತಿಳಿದು, ಅದರಷ್ಟೇ ಚಿಕ್ಕ ಸ್ಪೀಕರಿನಲ್ಲಿ ಹಾಕಿ ಕೇಳಿ ನೋಡುತ್ತಿದ್ದರು.

ಈ ಸಾಲಿನಲ್ಲಿ ಎಲ್ಲಕ್ಕಿಂತ ಮುಖ್ಯವಾದವರ ಹೆಸರು ಗ್ರಾಮಫೋನ್ ತಟ್ಟೆಯ ಮೇಲೆ ಇರುತ್ತಲೇ ಇರಲಿಲ್ಲ. ಬೇಸ್ ಗಿಟಾರಿನ ಜೇಮ್ಸ್ ಜೇಮರ್ಸನ್, ಡ್ರಮ್ಸಿನ ಬೆನ್ನಿ ಬೆಂಜಮಿನ್, ಕೀಬೋರ್ಡಿನ ಅರ್ಲ್ ವ್ಯಾನ್ ಡೈಕ್, ಟ್ಯಾಂಬರೀನ್ ಬಾರಿಸುವ ಜ್ಯಾಕ್ ಆಶ್‌ಫರ್ಡ್ ಮೊದಲಾದವರ ಆ ಗುಂಪನ್ನು ಫಂಕ್ ಬ್ರದರ್ಸ್ ಎನ್ನುತ್ತಿದ್ದರು. ಮೋಟೌನ್ ಆಲ್ಬಮ್ ಒಂದರ ಮೇಲೆ ಅವರ ಹೆಸರುಗಳು ಅಚ್ಚಾಗಿ ಬರಲು 1971ರವರೆಗೆ, ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಬರುವ ತನಕ ಕಾಯಬೇಕಾಯಿತು.

ಮಾರ್ಥಾ ಮೈಕಿನ ಮುಂದೆ ಬಂದದ್ದೂ ಕಚೇರಿಯ ಅಗತ್ಯದಿಂದಲೇ. ವಾದ್ಯಗಾರರು ನುಡಿಸುವಾಗ ಮೈಕಿನಲ್ಲಿ ಗಾಯಕರೊಬ್ಬರು ಇರಲೇಬೇಕೆಂಬುದು ವಾದ್ಯಗಾರರ ಸಂಘದ ನಿಯಮ. ಒಂದು ದಿನ ಗಾಯಕಿ ಮೇರಿ ವೆಲ್ಸ್ ಬರಲಿಲ್ಲ. ಸ್ಟೀವನ್‌ಸನ್ ತಮ್ಮ ಕಾರ್ಯದರ್ಶಿಯನ್ನು ಕರೆದು ನಿಲ್ಲಿಸಿದರು. ನಮ್ಮ ಸಿನಿಮಾ ಸ್ಟುಡಿಯೊಗಳಲ್ಲಿ ದೊಡ್ಡ ಗಾಯಕರು ಬರುವ ಮೊದಲು ಟ್ರ್ಯಾಕ್ ಹಾಡಿಟ್ಟು ಹೋಗುವವರಿದ್ದಾರಲ್ಲ, ಅವರಂತೆ ಮಾರ್ಥಾ ಇನ್ನೊಬ್ಬರ ಜಾಗ ತುಂಬಿಸಲು ನಿಂತವರು. 1962ರಲ್ಲಿ ಮಾರ್ವಿನ್ ಗೇ ಹಾಡಿದ ‘ಸ್ಟಬರ್ನ್ ಕೈಂಡ್ ಆಫ್ ಫೆಲೊ’ ಹಾಡಿಗೆ ಹಿಮ್ಮೇಳವಾಗಿ ಮಾರ್ಥಾ ತಮ್ಮ ಗೆಳತಿಯರಾದ ರೋಸಲಿಂಡ್ ಆಶ್‌ಫರ್ಡ್, ಆನೆಟ್ ಬಿಯರ್ಡ್ ಅವರನ್ನು ಕರೆತಂದರು. ಆ ದನಿಗಳು ಗೋರ್ಡಿಯವರಿಗೆ ಹಿಡಿಸಿದವು. ಮನೆಯ ಬಳಿಯ ವ್ಯಾನ್ ಡೈಕ್ ರಸ್ತೆಯ ಹೆಸರಿನ ಅರ್ಧ, ಮಾರ್ಥಾ ಆರಾಧಿಸುತ್ತಿದ್ದ ಗಾಯಕಿ ಡೆಲ್ಲಾ ರೀಸ್ ಅವರ ಹೆಸರಿನ ಅರ್ಧ ಸೇರಿ ತಂಡಕ್ಕೆ ‘ವ್ಯಾಂಡೆಲ್ಲಾಸ್’ ಎಂದು ಹೆಸರಾಯಿತು. 1963ರಲ್ಲಿ ಬಂದ ‘ಹೀಟ್ ವೇವ್’ ಅವರನ್ನು ದೇಶಕ್ಕೆಲ್ಲ ಪರಿಚಯಿಸಿತು.

ಇನ್ನು ನಮ್ಮ ಹಾಡು. ಬರೆದವರು ಮೂವರು: ಸ್ಟೀವನ್‌ಸನ್, ಮಾರ್ವಿನ್ ಗೇ, ಐವಿ ಜೋ ಹಂಟರ್. ಡೆಟ್ರಾಯಿಟಿನ ಬೇಸಿಗೆಯಲ್ಲಿ ಸೆಖೆ ತಡೆಯಲಾರದೆ ಜನ ಬೀದಿಬದಿಯ ಅಗ್ನಿಶಾಮಕ ನಲ್ಲಿಗಳನ್ನು ತೆರೆದುಬಿಡುವುದು, ಮಕ್ಕಳು ಆ ನೀರಿನಲ್ಲಿ ಕುಣಿಯುವುದು ಆ ಕಾಲದ ಮಾಮೂಲಿ ದೃಶ್ಯ. ಗೇ ಜೊತೆ ಕಾರಿನಲ್ಲಿ ಹೋಗುವಾಗ ಅದನ್ನು ಕಂಡೇ ಹಾಡಿನ ಯೋಚನೆ ಬಂತೆಂದು ಸ್ಟೀವನ್‌ಸನ್ ಹೇಳಿಕೊಂಡಿದ್ದಾರೆ. ಹಾಡನ್ನು ಮೊದಲು ಕಿಮ್ ವೆಸ್ಟನ್ ಎಂಬ ಇನ್ನೊಬ್ಬ ಸೊಗಸಾದ ಗಾಯಕಿಗೆ ಕೊಡುವ ಮಾತಿತ್ತು ಎಂಬ ಕಥೆಯೂ ಇದೆ.

ಮಾರ್ಥಾ ಅದನ್ನು ಮೊದಲು ಕೇಳಿದ್ದು ಮಾರ್ವಿನ್ ಗೇ ಹಾಡಿಟ್ಟಿದ್ದ ಟ್ರ್ಯಾಕಿನಲ್ಲಿ. ಗೇ ಅವರದು ಮೆತ್ತನೆಯ, ಒಲಿಸಿಕೊಳ್ಳುವ ದನಿ. ಆ ದನಿಯಲ್ಲಿ ಹಾಡು ಅವರಿಗೆ ಒಗ್ಗಲಿಲ್ಲ. ನನಗೆ ಅನಿಸಿದ ಹಾಗೆ ಹಾಡಲೇ ಎಂದು ಕೇಳಿ ಒಪ್ಪಿಗೆ ಪಡೆದರು. ತಾವು ಬೆಳೆದ ಓಣಿಯ ಕೂಟಗಳನ್ನು, ಮನೆಯ ಮುಂದೆ ಹಾಡು ಹಾಕಿ ಕುಣಿಯುತ್ತಿದ್ದವರನ್ನು ನೆನೆದುಕೊಂಡು ಹಾಡಿದರು. ಹಾಡಿ ಮುಗಿಸಿದಾಗ ಎಲ್ಲರ ಮುಖದಲ್ಲೂ ಸಂತೋಷ. ಆಗ ಗೊತ್ತಾಯಿತು, ಯಂತ್ರ ಓಡುತ್ತಲೇ ಇರಲಿಲ್ಲ. ಒಂದು ಸ್ವರವೂ ಮುದ್ರಣವಾಗಿರಲಿಲ್ಲ.

ಮತ್ತೊಮ್ಮೆ ಹಾಡಬೇಕಾಯಿತು. ಆ ಎರಡನೆಯ ಸಲದ ಗಾಯನವನ್ನೇ ಜಗತ್ತು ಇಂದು ಕೇಳುತ್ತಿರುವುದು. ದನಿಯಲ್ಲಿ ಸಿಟ್ಟು ಬೆರೆತಿತ್ತು, ಅದಕ್ಕೇ ಹಾಡಿಗೆ ಆ ಖದರು ಬಂತು ಎಂದು ಮಾರ್ಥಾ ಅವರೇ ಹೇಳಿದ್ದಾರೆ.

ನನ್ನ ಮಟ್ಟಿಗೆ ಇಡೀ ಹಾಡಿನ ಗುಟ್ಟು ಇಲ್ಲಿದೆ. ಒಂದು ಸಲ ಮನಸ್ಸಿಟ್ಟು ಮಾಡಿ ಮುಗಿಸಿದ ಕೆಲಸವನ್ನು ಬೇರೆಯವರ ತಪ್ಪಿಗಾಗಿ ಇನ್ನೊಮ್ಮೆ ಮಾಡಬೇಕಾಗಿ ಬಂದಾಗ ದುಡಿಯುವವರ ಮೈಯಲ್ಲಿ ಏಳುವ ಬಿಸಿ ಅದು. ಸಂತೋಷ ಎಲ್ಲಿಗೂ ಹೋಗಿಲ್ಲ, ಏಕೆಂದರೆ ಹಾಡು ಆಗಲೇ ಮೈಗೆ ಹತ್ತಿತ್ತು. ಸಿಟ್ಟು ಅದರ ಮೇಲೆ ಬಂದು ಕೂತಿತು. ಕರೆಯುವ ಹೆಂಗಸು ನಗುತ್ತಿದ್ದಾಳೆ, ಆದರೆ ಬೇಡುತ್ತಿಲ್ಲ. ಬಂದೇ ಬರಬೇಕು ಎನ್ನುವ ಅಧಿಕಾರ ಆ ದನಿಯಲ್ಲಿದೆ. ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ನಿಂತು, ಫೋನಿನ ಮುಂದೆ ಕೂತು, ಬೇರೆಯವರು ಬಾರದ ದಿನ ಮೈಕಿನ ಮುಂದೆ ನಿಂತು ಬಂದ ಅಧಿಕಾರ. ಬರೆದ ಮೂವರು ಗಂಡಸರ ಕಾಗದದಲ್ಲಿ ಅದು ಇರಲಿಲ್ಲ. ಗೇ ಅವರ ಟ್ರ್ಯಾಕಿನಲ್ಲೂ ಇರಲಿಲ್ಲ.

ವಾದ್ಯಗಳೂ ಆ ದನಿಗೆ ತಕ್ಕ ನೆಲ ಹಾಸಿಕೊಟ್ಟಿವೆ. ಕಹಳೆ ಮೊಳಗಿದಂತೆ ಟ್ರಂಪೆಟ್‌ಗಳು ಹಾಡನ್ನು ತೆರೆಯುತ್ತವೆ. ನಾಲ್ಕು ಎಣಿಕೆಯ ತಾಳದಲ್ಲಿ ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿನ ಮೇಲೆ ಪೂರ್ತಿ ಭಾರ. ಆ ಪೆಟ್ಟು ಡ್ರಮ್ಮಿನದು ಮಾತ್ರವಲ್ಲ. ಐವಿ ಜೋ ಹಂಟರ್ ಕಬ್ಬಿಣದ ಹಾರೆಯೊಂದನ್ನು ಹಿಡಿದು ನೆಲಕ್ಕೆ ಕುಟ್ಟಿ ಅದನ್ನು ಗಟ್ಟಿಮಾಡಿದರಂತೆ. ಕಾರ್ಖಾನೆಯ ಊರಿನ ಹಾಡಿಗೆ ಕಬ್ಬಿಣದ ತಾಳ. ಚರಣದ ಉದ್ದಕ್ಕೂ ಸ್ವರಮೇಳ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಿಂತಿರುತ್ತದೆ, ಎಲ್ಲೂ ಕದಲುವುದಿಲ್ಲ. ಕೇಳುವವರ ಕಾಲು ತಾನಾಗಿ ಕುಣಿಯುವುದು ಅದಕ್ಕೇ. ಮಧ್ಯದಲ್ಲಿ ಒಮ್ಮೆ ಸ್ವರಮೇಳ ಏರಿ ಬೇರೆ ದಾರಿ ಹಿಡಿದಾಗ ಮಾರ್ಥಾ ಅದರ ಮೇಲೆ ಹತ್ತಿ ನಿಂತು ಕೂಗುತ್ತಾರೆ. ಆಮೇಲೆ ಮತ್ತೆ ಅದೇ ನೆಲಕ್ಕೆ ಇಳಿಯುತ್ತಾರೆ. ಶಾಸ್ತ್ರೀಯ ತಾಲೀಮು, ಚರ್ಚಿನ ತಾಲೀಮು ಎರಡೂ ಅಲ್ಲಿ ಕೆಲಸಕ್ಕೆ ಬಂದಿವೆ. ಕೂಗಿದರೂ ಶ್ರುತಿ ಬಿಡುವುದಿಲ್ಲ, ಶ್ರುತಿ ಹಿಡಿದರೂ ಕೂಗಿನ ಕಸುವು ಕುಗ್ಗುವುದಿಲ್ಲ.

1964ರ ಜುಲೈ 31ರಂದು ಮೋಟೌನಿನ ಗೋರ್ಡಿ ಎಂಬ ಲೇಬಲ್ಲಿನಲ್ಲಿ ತಟ್ಟೆ ಹೊರಬಂತು. ಅದರ ಹಿಂಬದಿಯಲ್ಲಿದ್ದದ್ದು, ಮಾರ್ಥಾ ಮತ್ತು ಗೆಳತಿಯರು ಕಂಪನಿಯಲ್ಲಿ ಇನ್ನೂ ಯಾರೂ ಅಲ್ಲದಿದ್ದಾಗ ಬೇರೊಂದು ಹೆಸರಿನಲ್ಲಿ ಹಾಡಿದ್ದ ‘ದೇರ್ ಹಿ ಈಸ್’. ಆ ಹೊತ್ತಿಗೆ ಆನೆಟ್ ಬಿಯರ್ಡ್ ತಂಡ ಬಿಟ್ಟು ಬೆಟ್ಟಿ ಕೆಲ್ಲಿ ಬಂದಿದ್ದರು. ಅಕ್ಟೋಬರಿನಲ್ಲಿ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ಎರಡನೇ ಸ್ಥಾನಕ್ಕೇರಿತು. ಮೊದಲ ಸ್ಥಾನ ಬಿಟ್ಟುಕೊಡದೆ ಕೂತಿದ್ದದ್ದು ಇಂಗ್ಲೆಂಡಿನ ಮ್ಯಾನ್‌ಫ್ರೆಡ್ ಮ್ಯಾನ್ ತಂಡದ ‘ಡೂ ವಾ ಡಿಡ್ಡಿ ಡಿಡ್ಡಿ’. ಅದನ್ನು ಮೊದಲು ಹಾಡಿದ್ದು ಕೂಡ ನ್ಯೂಯಾರ್ಕಿನ ಎಕ್ಸೈಟರ್ಸ್ ಎಂಬ ಕಪ್ಪು ಗಾಯಕರ ತಂಡ. ಆ ತಂಡದ ಹೆಸರು ಇಂದು ಎಷ್ಟು ಜನಕ್ಕೆ ಗೊತ್ತು?

ಆ ಬೇಸಿಗೆಯ ಅಮೆರಿಕವನ್ನು ನೆನಪಿಸಿಕೊಳ್ಳಬೇಕು. ಹಿಂದಿನ ವರ್ಷ ಜೂನ್ 23ರಂದು ಡೆಟ್ರಾಯಿಟಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮುಂದಾಳತ್ವದಲ್ಲಿ ಲಕ್ಷಕ್ಕೂ ಹೆಚ್ಚು ಜನ ಮೆರವಣಿಗೆ ನಡೆದಿದ್ದರು. ಅಂದಿನ ಭಾಷಣವನ್ನು ತಟ್ಟೆಯಾಗಿ ಹೊರತಂದದ್ದು ಇದೇ ಗೋರ್ಡಿ ಲೇಬಲ್. 1964ರ ಜುಲೈ 2ರಂದು ನಾಗರಿಕ ಹಕ್ಕುಗಳ ಕಾಯ್ದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದರು. ಹೋಟೆಲು, ಥಿಯೇಟರುಗಳಲ್ಲಿ ಬಣ್ಣ ನೋಡಿ ತಡೆಯುವುದು ಕಾಗದದ ಮೇಲೆ ಕೊನೆಗೊಂಡಿತು. ನೆಲದ ಮೇಲೆ ಕೊನೆಗೊಂಡಿರಲಿಲ್ಲ. ಮಿಸಿಸಿಪ್ಪಿಯಲ್ಲಿ ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಿಸಲು ಹೋದ ಮೂವರು ಯುವಕರು ಜೂನ್ 21ರಂದು ಕಾಣೆಯಾಗಿದ್ದರು. ಅವರ ಶವಗಳು ಸಿಕ್ಕಿದ್ದು ಆಗಸ್ಟ್ 4ರಂದು, ಹಾಡು ಹೊರಬಂದ ನಾಲ್ಕೇ ದಿನಕ್ಕೆ. ಜುಲೈನಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಹೊತ್ತಿ ಉರಿಯಿತು, ಆಗಸ್ಟ್ ಕೊನೆಗೆ ಫಿಲಡೆಲ್ಫಿಯಾ.

ಅಂಥ ಹೊತ್ತಿನಲ್ಲಿ ಒಬ್ಬ ಕಪ್ಪು ಹೆಣ್ಣುಮಗಳು ರೇಡಿಯೊದಲ್ಲಿ ಊರೂರಿನ ಹೆಸರು ಹಿಡಿದು ಜನರನ್ನು ಬೀದಿಗೆ ಕರೆಯುತ್ತಾಳೆ. ಷಿಕಾಗೊ, ನ್ಯೂ ಆರ್ಲಿಯನ್ಸ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ಬಾಲ್ಟಿಮೋರ್, ವಾಷಿಂಗ್ಟನ್, ಜೊತೆಗೆ ತನ್ನದೇ ಡೆಟ್ರಾಯಿಟ್. ಎಲ್ಲವೂ ಕಪ್ಪು ಜನ ದೊಡ್ಡ ಸಂಖ್ಯೆಯಲ್ಲಿ ನೆಲೆಸಿದ ನಗರಗಳು. ಯಾರು ಬೇಕಾದರೂ ಬನ್ನಿ, ಏನು ಉಟ್ಟಿದ್ದರೂ ಬನ್ನಿ ಎಂಬುದು ಹಾಡಿನ ಸಾರ. ಅದರಲ್ಲಿ ಒಂದೂ ರಾಜಕೀಯ ಪದವಿಲ್ಲ. ಆದರೆ ದಕ್ಷಿಣದಲ್ಲಿ ಕಪ್ಪು ಬಿಳಿ ಯುವಕರು ಒಂದೇ ನೆಲದ ಮೇಲೆ ಕುಣಿಯದಂತೆ ಸಭಾಂಗಣದ ನಡುವೆ ಹಗ್ಗ ಕಟ್ಟುತ್ತಿದ್ದ ಕಾಲ ಅದು. 1962ರಲ್ಲಿ ಮೋಟೌನ್ ಕಲಾವಿದರು ಬಸ್ ಮಾಡಿಕೊಂಡು ದಕ್ಷಿಣಕ್ಕೆ ಹೊರಟಾಗ ಗುಂಡಿನ ಸದ್ದನ್ನೂ ಕೇಳಿ ಬಂದಿದ್ದರು. ಯಾರೂ ತಡೆಯದ ಒಂದು ಬೀದಿ, ಅದರ ತುಂಬ ಕುಣಿಯುವ ಜನ ಎಂಬ ಕಲ್ಪನೆಯೇ ಆಗ ದೊಡ್ಡ ಬೇಡಿಕೆ. ಅದನ್ನು ಬೇಡಿಕೆಯ ದನಿಯಲ್ಲಿ ಹೇಳದೆ, ಆಗಲೇ ಸಿಕ್ಕಿಬಿಟ್ಟಿದೆ ಎಂಬ ಸಡಗರದಲ್ಲಿ ಹಾಡಿದ್ದು ಮಾರ್ಥಾ ಅವರ ಹೆಚ್ಚುಗಾರಿಕೆ. ಹಾಗಾಗಿ ಇದು ಕುಣಿತದ ಹಾಡು ಎಂದು ಅವರು ಹೇಳಿದಾಗ ಏನನ್ನೂ ಮರೆಮಾಚುತ್ತಿಲ್ಲ. ಕುಣಿಯುವುದೇ ಅಷ್ಟು ದೊಡ್ಡ ಸಂಗತಿಯಾಗಿತ್ತು.

1965ರ ಆಗಸ್ಟಿನಲ್ಲಿ ಲಾಸ್ ಏಂಜಲಿಸಿನ ವಾಟ್ಸ್ ಉರಿದ ಮೇಲೆ ಹಾಡಿನ ಅರ್ಥ ಪೂರ್ತಿ ಹೊರಳಿತು. ಎಚ್. ರ‍್ಯಾಪ್ ಬ್ರೌನ್ ಅವರಂಥ ಹೋರಾಟಗಾರರು ಜನರನ್ನು ಸಂಘಟಿಸುವಾಗ ಇದನ್ನು ಹಾಕುತ್ತಿದ್ದರೆಂದು ಆ ಕಾಲದ ಬಗ್ಗೆ ಬರೆದವರು ದಾಖಲಿಸಿದ್ದಾರೆ. ಮಾರ್ಕ್ ಕುರ್ಲಾನ್‌ಸ್ಕಿ ಈ ಒಂದು ಹಾಡಿನ ಮೇಲೆಯೇ 2013ರಲ್ಲಿ ಇಡೀ ಪುಸ್ತಕ ಬರೆದರು.

ಹಾಡಿನಲ್ಲಿ ಬರುವ ಮಾರ್ಥಾ ಅವರದೇ ಊರಿನ ಸರದಿ 1967ರ ಜುಲೈ 23ರಂದು ಬಂತು. ಭಾನುವಾರದ ನಸುಕಿನಲ್ಲಿ ಡೆಟ್ರಾಯಿಟಿನ ಟ್ವೆಲ್ಫ್ತ್ ಸ್ಟ್ರೀಟಿನಲ್ಲಿ ಪರವಾನಗಿಯಿಲ್ಲದ ಒಂದು ಮದ್ಯದ ಕೂಟದ ಮೇಲೆ ಪೊಲೀಸರು ದಾಳಿ ಮಾಡಿದರು. ವಿಯೆಟ್ನಾಂ ಯುದ್ಧದಿಂದ ಮರಳಿದ ಇಬ್ಬರು ಸೈನಿಕರಿಗಾಗಿ ಅಲ್ಲಿ ಸಂತೋಷಕೂಟ ನಡೆದಿತ್ತು. ಒಳಗಿದ್ದವರನ್ನೆಲ್ಲ ಬಂಧಿಸಿ ಸಾಗಿಸುವಷ್ಟರಲ್ಲಿ ಹೊರಗೆ ಜನ ಸೇರಿದರು, ಕಲ್ಲು ಬಿತ್ತು, ಅಂಗಡಿಗಳಿಗೆ ಬೆಂಕಿ ಬಿತ್ತು. ಆ ದಿನ ಮಾರ್ಥಾ ಮತ್ತು ವ್ಯಾಂಡೆಲ್ಲಾಸ್ ಊರಿನ ಫಾಕ್ಸ್ ಥಿಯೇಟರಿನ ವೇದಿಕೆಯ ಮೇಲಿದ್ದರು. ಪರದೆಯ ಹಿಂದಿನಿಂದ ಸುದ್ದಿ ಬಂತು. ಜನರನ್ನು ಬೀದಿಗೆ ಕರೆದು ಹೆಸರಾಗಿದ್ದ ಗಾಯಕಿಯೇ ಹಾಡು ನಿಲ್ಲಿಸಿ, ಊರಿಗೆ ಬೆಂಕಿ ಬಿದ್ದಿದೆ, ಗಾಬರಿಯಾಗದೆ ಮನೆ ಸೇರಿಕೊಳ್ಳಿ ಎಂದು ತನ್ನ ಜನರಿಗೆ ಹೇಳಬೇಕಾಯಿತು. ಐದು ದಿನಗಳಲ್ಲಿ 43 ಜನ ಸತ್ತರು. ಅವರಲ್ಲಿ 33 ಜನ ಕಪ್ಪು ಜನ. ಬಂಧಿತರ ಸಂಖ್ಯೆ ಏಳು ಸಾವಿರ ದಾಟಿತು. ಸೇನೆಯ ಟ್ಯಾಂಕುಗಳು ಡೆಟ್ರಾಯಿಟಿನ ಓಣಿಗಳಲ್ಲಿ ಓಡಾಡಿದವು. ಮರುವರ್ಷ ಏಪ್ರಿಲ್‌ನಲ್ಲಿ ಕಿಂಗ್ ಅವರನ್ನು ಕೊಂದಾಗ ಹೊತ್ತಿಕೊಂಡ ಊರುಗಳಲ್ಲಿ ವಾಷಿಂಗ್ಟನ್, ಬಾಲ್ಟಿಮೋರ್, ಷಿಕಾಗೊ ಮುಂಚೂಣಿಯಲ್ಲಿದ್ದವು. ಹಾಡಿನಲ್ಲಿ ಕುಣಿಯಲು ಕರೆದ ಊರುಗಳೇ ಅವು.

ಇದಕ್ಕೆ ಹಾಡು ಕಾರಣವೆನ್ನುವುದು ತಿಳಿಗೇಡಿತನ. ಡೆಟ್ರಾಯಿಟಿನಲ್ಲಿ ಕಪ್ಪು ಜನರ ಅಂಗಡಿ, ಕ್ಲಬ್ಬು, ಚರ್ಚುಗಳಿಂದ ತುಂಬಿದ್ದ ಬ್ಲ್ಯಾಕ್ ಬಾಟಮ್, ಪ್ಯಾರಡೈಸ್ ವ್ಯಾಲಿ ಬಡಾವಣೆಗಳನ್ನು ನೆಲಸಮ ಮಾಡಿ ಹೆದ್ದಾರಿ ಹಾಸಿದ್ದರು. ಅಲ್ಲಿಂದ ಒಕ್ಕಲೆದ್ದ ಎಷ್ಟೋ ಜನ ಬಂದು ತುಂಬಿಕೊಂಡದ್ದು ಟ್ವೆಲ್ಫ್ತ್ ಸ್ಟ್ರೀಟಿನ ಸುತ್ತಮುತ್ತ. ಮನೆ ಕೊಡದ ಮಾಲೀಕರು, ಮೈಮೇಲೆ ಬೀಳುವ ಪೊಲೀಸರು, ಕೈಬಿಡುತ್ತಿದ್ದ ಕಾರ್ಖಾನೆಗಳು ಬೆಂಕಿಗೆ ಕಟ್ಟಿಗೆ ಒಟ್ಟಿದ್ದವು.

ಮಾರ್ಥಾ ಅವರ ದುಡಿಮೆ ನಿಲ್ಲಲಿಲ್ಲ. 1965ರ ‘ನೋವೇರ್ ಟು ರನ್’ ಹಾಡಿನಲ್ಲಿ ಹಿಮದ ಮೇಲೆ ಓಡುವ ಕಾರುಗಳ ಚಕ್ರಕ್ಕೆ ಕಟ್ಟುವ ಸರಪಳಿಯನ್ನೇ ತಾಳವಾದ್ಯವಾಗಿ ಅಲುಗಾಡಿಸಲಾಗಿದೆ. ಅದರ ಚಿತ್ರೀಕರಣ ನಡೆದದ್ದು ಫೋರ್ಡ್ ಕಂಪನಿಯ ರಿವರ್ ರೂಜ್ ಕಾರ್ಖಾನೆಯಲ್ಲಿ. ಮಸ್ಟಾಂಗ್ ಕಾರುಗಳು ಸಾಲಿನಲ್ಲಿ ಜೋಡಣೆಯಾಗುತ್ತಿರುವಾಗ ಮೂವರು ಗಾಯಕಿಯರು ಅವುಗಳ ನಡುವೆಯೇ ಹಾಡುತ್ತ ಸಾಗುತ್ತಾರೆ, ಕೆಲಸಗಾರರು ತಮ್ಮ ಪಾಡಿಗೆ ಸ್ಕ್ರೂ ತಿರುಗಿಸುತ್ತಿರುತ್ತಾರೆ. ಇಡೀ ಮೋಟೌನ್ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಚಿತ್ರ ಅದು. ಅದೇ ವರ್ಷ ಇಂಗ್ಲೆಂಡಿನ ಗಾಯಕಿ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಮೋಟೌನ್ ಕಲಾವಿದರಿಗೆಂದೇ ಟೀವಿ ಕಾರ್ಯಕ್ರಮವೊಂದನ್ನು ನಡೆಸಿಕೊಟ್ಟು, ಮಾರ್ಥಾ ಅವರ ಪಕ್ಕದಲ್ಲಿ ನಿಂತು ಹಾಡಿದರು.

ಆದರೆ ಕಂಪನಿಯ ಗಮನ ಬೇರೆಡೆಗೆ ಹೊರಳಿತ್ತು. 1964ರ ಆಗಸ್ಟಿನಲ್ಲೇ ಡಯಾನಾ ರಾಸ್ ಹಾಡಿದ ಸುಪ್ರೀಮ್ಸ್ ತಂಡ ಮೊದಲ ಸ್ಥಾನಕ್ಕೇರಿ, ಮುಂದೆ ಸಾಲುಸಾಲಾಗಿ ಅದೇ ಸ್ಥಾನ ಹಿಡಿಯಿತು. ಒಳ್ಳೆಯ ಹಾಡುಗಳು ಅವರ ಪಾಲಾಗತೊಡಗಿದವು. 1967ರ ‘ಜಿಮ್ಮಿ ಮ್ಯಾಕ್’ ಬಳಿಕ ವ್ಯಾಂಡೆಲ್ಲಾಸ್ ಪಟ್ಟಿಯ ಮೇಲ್ತುದಿಯಿಂದ ಜಾರಿದರು. ನಮ್ಮ ದುಡ್ಡು ಎಲ್ಲಿ ಹೋಗುತ್ತಿದೆ ಎಂದು ಕಂಪನಿಯಲ್ಲಿ ಮೊದಲು ಕೇಳಿದವರಲ್ಲಿ ತಾನೊಬ್ಬಳು ಎಂದು ಮಾರ್ಥಾ ಹೇಳಿಕೊಂಡಿದ್ದಾರೆ. 1972ರಲ್ಲಿ ಮೋಟೌನ್ ಗಂಟುಮೂಟೆ ಕಟ್ಟಿ ಲಾಸ್ ಏಂಜಲಿಸಿಗೆ ಹೋಯಿತು. ಮಾರ್ಥಾ ಒಪ್ಪಂದ ಮುರಿದುಕೊಂಡರು, ತಂಡ ಚದುರಿತು.

ಹಾಡು ಮಾತ್ರ ಕೈಯಿಂದ ಕೈಗೆ ಸಾಗುತ್ತಲೇ ಇತ್ತು. ಕಿಂಕ್ಸ್, ಮಾಮಾಸ್ ಅಂಡ್ ಪಾಪಾಸ್, ಗ್ರೇಟ್‌ಫುಲ್ ಡೆಡ್, ವ್ಯಾನ್ ಹೇಲನ್, ಎಲ್ಲರೂ ಹಾಡಿದರು. 1985ರಲ್ಲಿ ಲೈವ್ ಏಡ್ ಎಂಬ ಪರಿಹಾರ ನಿಧಿಗಾಗಿ ಡೇವಿಡ್ ಬೋವಿ, ಮಿಕ್ ಜ್ಯಾಗರ್ ಕೂಡಿ ಹಾಡಿದ್ದು ಬ್ರಿಟನ್ನಿನಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ನಮ್ಮಲ್ಲಿ ಬಹಳ ಜನ ಈ ಹಾಡನ್ನು ಬಲ್ಲದ್ದು ಅದರಿಂದಲೇ. ಉದ್ದೇಶ ಒಳ್ಳೆಯದು, ಹಾಡಿದವರಿಬ್ಬರೂ ದೊಡ್ಡ ಕಲಾವಿದರು. ಆದರೂ ಆ ಹಾಡಿನಲ್ಲಿ ಆಟವಷ್ಟೇ ಇದೆ. ಬೀದಿಗೆ ಬರಲು ಯಾರ ಅಪ್ಪಣೆಯೂ ಬೇಕಿಲ್ಲದವರು ಹಾಡಿದರೆ ಹೀಗೇ ಕೇಳಿಸುತ್ತದೆ.

ದುಡ್ಡಿನ ಮಾತು ಆಡಲೇಬೇಕು. ಇಂಥ ಹಾಡನ್ನು ಬೇರೆಯವರು ಹಾಡಿದಾಗ ರಾಯಧನ ಸೇರುವುದು ಬರೆದವರಿಗೆ ಮತ್ತು ಹಕ್ಕು ಹೊಂದಿದ ಕಂಪನಿಗೆ. ಅದಿರಲಿ, ಮಾರ್ಥಾ ಅವರದೇ ದನಿ ಅಮೆರಿಕದ ಎಎಂ, ಎಫ್‌ಎಂ ರೇಡಿಯೊಗಳಲ್ಲಿ ಕೇಳಿಬಂದಾಗಲೂ ಅವರಿಗೆ ಒಂದು ಸೆಂಟ್ ಬರುವುದಿಲ್ಲ. ಅಲ್ಲಿನ ಕಾನೂನಿನಂತೆ ಆ ರೇಡಿಯೊಗಳು ಹಾಡು ಬರೆದವರಿಗೆ ಕೊಡುತ್ತವೆ, ಹಾಡಿದವರಿಗೂ ನುಡಿಸಿದವರಿಗೂ ಕೊಡಬೇಕಿಲ್ಲ. ಗೇ ಅವರ ಟ್ರ್ಯಾಕನ್ನು ಕೇಳಿ, ಬೇಡ ಎಂದು, ತನ್ನ ರೀತಿಯಲ್ಲಿ ಹಾಡಿ, ಯಂತ್ರದ ತಪ್ಪಿಗೆ ಇನ್ನೊಮ್ಮೆ ಹಾಡಿದ ಹೆಣ್ಣುಮಗಳಿಗೆ ಆ ಹಾಡಿನಲ್ಲಿ ಕರ್ತೃವಿನ ಪಾಲಿಲ್ಲ. 1989ರಲ್ಲಿ ಮಾರ್ಥಾ ತಮ್ಮ ಹಳೆಯ ಗೆಳತಿಯರ ಜೊತೆ ಬಾಕಿ ರಾಯಧನಕ್ಕಾಗಿ ಕಂಪನಿಯ ಮೇಲೆ ದಾವೆ ಹೂಡಿದರು, ಎರಡು ವರ್ಷದ ಮೇಲೆ ರಾಜಿಯಾಯಿತು. ರೇಡಿಯೊ ಕಾನೂನು ಬದಲಿಸಿ ಎಂದು ಅಮೆರಿಕದ ಸಂಸತ್ತಿನ ಮುಂದೆಯೂ ಹೋಗಿ ಕೇಳಿದರು. ಕಾನೂನು ಇನ್ನೂ ಹಾಗೇ ಇದೆ. ಗಾಯಕರಿಗೂ ರಾಯಧನದ ಹಕ್ಕಿದೆ ಎಂದು ನಮ್ಮ ದೇಶ 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ತಂದು ಒಪ್ಪಿಕೊಂಡಿತು. ಕನ್ನಡದ ಗಾಯಕರಿಗೂ ಅನ್ವಯಿಸುವ ಆ ಹಕ್ಕು ಎಷ್ಟು ದೊಡ್ಡದು ಎಂಬುದು ಮಾರ್ಥಾ ಅವರ ಕಥೆ ಓದಿದಾಗ ಮನಸ್ಸಿಗೆ ನಾಟುತ್ತದೆ.

ಗೌರವಗಳಿಗೆ ಕೊರತೆಯಾಗಲಿಲ್ಲ. 1995ರಲ್ಲಿ ತಂಡ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಹಾಡನ್ನು ದೇಶದ ಧ್ವನಿಭಂಡಾರದಲ್ಲಿ ಕಾಯ್ದಿಡಲು ಆರಿಸಿತು. 2024ರಲ್ಲಿ ಹಾಲಿವುಡ್ಡಿನ ಕಾಲುದಾರಿಯಲ್ಲಿ ಮಾರ್ಥಾ ಹೆಸರಿನ ನಕ್ಷತ್ರ ಕೂತಿತು. ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು 2005ರ ನವೆಂಬರಿನ ಸಂಗತಿ. ಮೋಟೌನ್ ಬಿಟ್ಟುಹೋದ ಊರನ್ನು ಬಿಡದ ಮಾರ್ಥಾ ಡೆಟ್ರಾಯಿಟ್ ನಗರಸಭೆಗೆ ಸ್ಪರ್ಧಿಸಿ ಗೆದ್ದರು. ತಾವು ಹಾಡಿದ ಬೀದಿಗಳ ದೀಪ, ಕಸ, ನೀರಿನ ಲೆಕ್ಕ ನೋಡುತ್ತ ನಾಲ್ಕು ವರ್ಷ ಸಭೆಗಳಲ್ಲಿ ಕೂತರು. ಅವಧಿ ಮುಗಿದ ಮೇಲೆ ಮತ್ತೆ ವೇದಿಕೆ ಹತ್ತಿ, ಎಂಬತ್ತು ದಾಟಿದ ಮೇಲೂ ಅದೇ ಹಾಡು ಹಾಡಿದರು.

ಈ ಹಾಡು ಕೇಳಬೇಕೆನಿಸಿದರೆ 1964ರ ಮುದ್ರಣವನ್ನೇ ಹುಡುಕಿ ಕೇಳಿ. ಇಯರ್‌ಫೋನ್ ಬೇಡ, ನಾಲ್ಕು ಜನ ಇರುವಲ್ಲಿ ದೊಡ್ಡದಾಗಿ ಹಾಕಿ. ಯಾರ ಹಾಡು ಎಂದು ಪಕ್ಕದವರು ಕೇಳಿದರೆ ಬರೆದ ಮೂವರ ಹೆಸರಿಗಿಂತ ಮೊದಲು ಮಾರ್ಥಾ ರೀವ್ಸ್ ಹೆಸರು ಹೇಳಿ, ಜೊತೆಗೆ ಓಗೊಟ್ಟ ರೋಸಲಿಂಡ್ ಆಶ್‌ಫರ್ಡ್ ಮತ್ತು ಬೆಟ್ಟಿ ಕೆಲ್ಲಿ ಅವರದನ್ನೂ.